ಆಂಡಿಸ್‌ಗೆ ಹೊರಟ ಬೀರು

ಸಾಮಾನು ಸಾಗಿಸುವ ಮೇಸ್ತ್ರಿಗೆ ಒಂದು ಪದ್ಧತಿ ಇತ್ತು. ಯಾರೇ ಫೋನ್ ಮಾಡಲಿ, ಏನೇ ಸಾಗಿಸಬೇಕೆನ್ನಲಿ, ಅವನು ಕೇಳುತ್ತಿದ್ದದ್ದು ಇಳಿಸುವ ಜಾಗದ ಬಗ್ಗೆ ಮಾತ್ರ. ಎಷ್ಟನೇ ಮಹಡಿ, ಲಿಫ್ಟ್ ಇದೆಯೋ ಇಲ್ಲವೋ, ಮೆಟ್ಟಿಲು ಎಲ್ಲಿ ತಿರುಗುತ್ತದೆ. ಹೊರಡುವ ಜಾಗದ ಬಗ್ಗೆ ಅವನಿಗೆ ಎಳ್ಳಷ್ಟೂ ಕುತೂಹಲವಿರಲಿಲ್ಲ. ಒಂದು ಸಲ ಒಳಗೆ ಹೋದ ಸಾಮಾನು ಹೊರಗೆ ಬರಲೇಬೇಕಲ್ಲ, ಅದನ್ನು ನೋಡುವುದೇನಿದೆ ಎಂದು ಅವನ ಅಪ್ಪ ಹೇಳಿಕೊಟ್ಟಿದ್ದರು. ಗಿರಾಕಿಗೆ 'ಆಗಲ್ಲ' ಅನ್ನಬಾರದು ಎಂಬುದನ್ನೂ ಅವರೇ ಹೇಳಿಕೊಟ್ಟಿದ್ದರು. ಈ ಎರಡು ಮಾತನ್ನು ಹಿಡಿದುಕೊಂಡೇ ಮೇಸ್ತ್ರಿ ಊರಿನ ಅರ್ಧ ಮನೆಗಳ ಸಾಮಾನನ್ನು ಇನ್ನರ್ಧ ಮನೆಗಳಿಗೆ ಸಾಗಿಸಿದ್ದ.

ಆದ್ದರಿಂದ ಆ ಹೆಂಗಸು ಫೋನ್ ಮಾಡಿ ಒಂದು ಮರದ ಬೀರು ಸಾಗಿಸಬೇಕು ಎಂದಾಗ ಅವನು ಎಂದಿನಂತೆ ಶುರುಮಾಡಿದ.

"ಎಷ್ಟನೇ ಮಹಡಿಗಮ್ಮಾ?"

"ಮಹಡಿ ಅಂತ ಏನಿಲ್ಲ. ಸ್ವಲ್ಪ ಎತ್ತರ."

"ಲಿಫ್ಟ್ ಇದೆಯಾ?"

"ಇಲ್ಲ."

"ಮೆಟ್ಟಿಲು?"

"ಅದೂ ಇಲ್ಲ."

ಮೇಸ್ತ್ರಿ ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದ. "ಅಂದ್ರೆ ಇನ್ನೂ ಕಟ್ತಾ ಇರೋ ಮನೆ ಅನ್ನಿ."

"ಮನೆಯಲ್ಲ, ಬೆಟ್ಟ. ಆಂಡಿಸ್ ಪರ್ವತ ಅಂತ ಇದೆ. ಅದರ ಒಂದು ಶಿಖರದ ಮೇಲೆ ಇಳಿಸಬೇಕು. ಬಟ್ಟೆ ಸಮೇತ, ಹ್ಯಾಂಗರ್ ಸಮೇತ."

ಬೇರೆ ಯಾರಾದರೂ ಆಗಿದ್ದರೆ ಫೋನ್ ಕುಕ್ಕುತ್ತಿದ್ದರು. ಮೇಸ್ತ್ರಿ ಗಂಟಲು ಸರಿಮಾಡಿಕೊಂಡು, "ತಿರುವು ಎಷ್ಟಿವೆ?" ಎಂದು ಕೇಳಿದ.

ಫೋನ್ ಮಾಡಿದವಳು ಹಲ್ಲಿನ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಅದಕ್ಕೆ ಗಾರೆಯಂಥ ಪ್ಲಾಸ್ಟರ್ ಸುರಿದು, ಮೇಣದ ಮೇಲೆ ಹಲ್ಲು ಜೋಡಿಸಿ, ಕೂದಲೆಳೆಯಷ್ಟೂ ವ್ಯತ್ಯಾಸವಾಗದಂತೆ ಸೆಟ್ಟು ಮಾಡಿಕೊಡುತ್ತಿದ್ದಳು. ಕಾಣದವರ ಬಾಯಿಗೆಲ್ಲ ಹೊಂದುವ ಹಲ್ಲು ಮಾಡುವವಳಿಗೆ ಮನೆಯಲ್ಲಿರುವ ಗಂಡನ ಜೊತೆ ಮಾತ್ರ ಎರಡು ಸಾಲೂ ಒಂದಕ್ಕೊಂದು ಕೂರುತ್ತಿರಲಿಲ್ಲ. ಆ ಪುಣ್ಯಾತ್ಮ ಬಣ್ಣದ ಅಂಗಡಿಯ ನೆಲಮಾಳಿಗೆಯಲ್ಲಿ ಗೋದಾಮು ನೋಡಿಕೊಳ್ಳುತ್ತಿದ್ದ. ವರ್ಷವಿಡೀ ಡಬ್ಬಗಳ ನಡುವೆ, ಕಿಟಕಿಯಿಲ್ಲದ ಜಾಗದಲ್ಲಿ ಕೂತವನಿಗೆ ಬೆಟ್ಟದ ಹುಚ್ಚು ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ ಬಿಡಿ. ರಜೆ ಎಂದರೆ ಬೆಟ್ಟ, ಉಳಿತಾಯ ಎಂದರೆ ಹಗ್ಗ, ಮಾತು ಎಂದರೆ ಹಿಮ. ಮನೆಯನ್ನು ಅವನು ಬೇಸ್ ಕ್ಯಾಂಪ್ ಎನ್ನುತ್ತಿದ್ದ. ಅವಳ ತಮ್ಮ ಅವನನ್ನು ಬೆಟ್ಟದ ಭಾವ ಎನ್ನುತ್ತಿದ್ದ. ಆ ಹೆಸರಿಗೆ ಅವನು ಉಬ್ಬಿಹೋಗುತ್ತಿದ್ದ.

ಈ ವರ್ಷ ಆಂಡಿಸ್ ಎಂದು ತೀರ್ಮಾನವಾಗಿತ್ತು. ಒಂದು ದಿನ ಮನೆಗೆ ನಾಲ್ಕು ಜನ ಊಟಕ್ಕೆ ಬಂದಿದ್ದಾಗ ಅವನು ಕೈಯಲ್ಲಿ ನೀರಿನ ಲೋಟ ಎತ್ತಿ ಹಿಡಿದು, "ನಿಜ ಹೇಳ್ಬೇಕಂದ್ರೆ ನನ್ನ ಮನೆ ಇರೋದು ಅಲ್ಲಿ. ಇಲ್ಲಿರೋದು ಬರೀ ಸಾಮಾನು," ಎಂದ. ಬಂದವರೆಲ್ಲ ನಕ್ಕರು. ತಟ್ಟೆ ತೆಗೆಯುತ್ತಿದ್ದ ಅವಳೂ ನಕ್ಕಳು. ನಗುತ್ತಲೇ ಅಡುಗೆಮನೆಗೆ ಹೋಗಿ ಸಿಂಕಿನ ಮುಂದೆ ನಿಂತವಳಿಗೆ ಮೈಯೆಲ್ಲ ಉರಿಯಿತು. ಸಾಮಾನಂತೆ. ಹಾಗಾದರೆ ಸಾಮಾನು ಮನೆ ಸೇರಲಿ ಎಂದುಕೊಂಡಳು. ಮರುದಿನವೇ ಮೇಸ್ತ್ರಿಯ ನಂಬರು ಹುಡುಕಿದಳು.

ಅವಳಿಗೆ ಬೇಕಾಗಿದ್ದದ್ದು ಬೀರು ಬೆಟ್ಟ ಹತ್ತುವುದಲ್ಲ. ಅಷ್ಟು ತಲೆ ಕೆಟ್ಟಿರಲಿಲ್ಲ. ಬೀರು ಯಾಕೆ ಕಳಿಸ್ತಿದ್ದೀಯ ಎಂದು ಗಂಡ ಒಂದು ಮಾತು ಕೇಳಬೇಕಾಗಿತ್ತು. ಕೇಳಿದರೆ ಹೇಳಬೇಕಾದದ್ದನ್ನೆಲ್ಲ ಅವಳು ಮನಸ್ಸಿನಲ್ಲೇ ಜೋಡಿಸಿ ಇಟ್ಟುಕೊಂಡಿದ್ದಳು. ತಾನಾಗಿಯೇ ಹೇಳಿದರೆ ಅದು ಗೊಣಗಾಟ ಎನಿಸಿಕೊಳ್ಳುತ್ತದೆ. ಅವನು ಕೇಳಿ ತಾನು ಹೇಳಿದರೆ ಉತ್ತರವಾಗುತ್ತದೆ. ಮದುವೆಯಾಗಿ ಇಷ್ಟು ವರ್ಷವಾದರೂ ಅವನು ಅವಳನ್ನು ಯಾಕೆ ಎಂದು ಕೇಳಿದ್ದೇ ಇಲ್ಲ. ಯಾಕೆ ಸಪ್ಪಗಿದ್ದೀಯ ಎಂದಿಲ್ಲ, ಯಾಕೆ ಊಟ ಬಿಟ್ಟೆ ಎಂದಿಲ್ಲ. ಬೀರು ಲಾರಿ ಹತ್ತುವವರೆಗೆ ಕಾಯುತ್ತೇನೆ, ಅಷ್ಟರಲ್ಲಿ ಕೇಳದಿದ್ದರೆ ತಾನೂ ಪೆಟ್ಟಿಗೆ ಹಿಡಿದು ಅಕ್ಕನ ಮನೆಗೆ ಹೋಗಿಬಿಡುವುದು, ಮತ್ತೆ ತಿರುಗಿ ನೋಡುವುದಿಲ್ಲ ಎಂದು ಅವಳು ನಿರ್ಧರಿಸಿದ್ದಳು. ಅಕ್ಕನಿಗೆ ಹೇಳಿಯೂ ಆಗಿತ್ತು.

ಮೇಸ್ತ್ರಿ ಮೂವರು ಆಳುಗಳ ಜೊತೆ ಬಂದು ಮಲಗುವ ಕೋಣೆಯಲ್ಲಿ ಟೇಪು ಬಿಚ್ಚಿದ. ಎರಡು ಬಾಗಿಲಿನ, ಒಂದು ಬಾಗಿಲಿಗೆ ಉದ್ದ ಕನ್ನಡಿ ಇರುವ, ಛಾವಣಿಗೆ ಒಂದು ಗೇಣು ಬಿಟ್ಟು ನಿಂತ ಬೀರು ಅದು. ಮೇಸ್ತ್ರಿ ಅದರ ಪಕ್ಕೆಗೆ ತಟ್ಟಿ ನೋಡಿ, "ಒಳ್ಳೇ ಮರ, ಹತ್ತುತ್ತೆ," ಎಂದ. ಬೀರು ತನ್ನ ಕಾಲಲ್ಲಿ ತಾನೇ ಹತ್ತುತ್ತದೆ ಎನ್ನುವ ಹಾಗಿತ್ತು ಅವನ ಧಾಟಿ.

ಅಷ್ಟರಲ್ಲಿ ಗಂಡ ಕೆಲಸದಿಂದ ಬಂದ. ಅವಳು ಬಾಗಿಲಿಗೆ ಒರಗಿ ನಿಂತಳು. ಈಗ ಕೇಳುತ್ತಾನೆ, ಇದನ್ನು ನೋಡಿದ ಮೇಲೂ ಕೇಳದೆ ಇರುವುದಕ್ಕೆ ಅವನೇನು ಗೋಡೆಯೇ ಎಂದುಕೊಂಡಳು.

"ಏನಿದು?" ಎಂದ ಗಂಡ.

"ಬೀರು ಸಾರ್. ಆಂಡಿಸ್‌ಗೆ ಹೋಗ್ಬೇಕು. ಅಮ್ಮ ಆರ್ಡರ್ ಕೊಟ್ಟಿದ್ದಾರೆ," ಎಂದ ಮೇಸ್ತ್ರಿ.

ಗಂಡ ಬೀರುವನ್ನು ನೋಡಿದ. ಮೇಸ್ತ್ರಿಯನ್ನು ನೋಡಿದ. ಹೆಂಡತಿಯನ್ನು ನೋಡಿದ. ಅವನ ಮುಖ ಮೆಲ್ಲಗೆ ಅರಳಿತು, ಕಣ್ಣಲ್ಲಿ ನೀರಾಡಿತು. ಕೈಚೀಲವನ್ನು ಮಂಚದ ಮೇಲೆ ಎಸೆದು, "ಯಾವ ಕಡೆಯಿಂದ ಹತ್ತಿಸ್ತೀರಿ, ಪೂರ್ವದಿಂದಲೋ ಪಶ್ಚಿಮದಿಂದಲೋ?" ಎಂದು ಕೇಳಿದ.

ಅವಳು ಅಡುಗೆಮನೆಗೆ ಹೋಗಿ ಒಂದು ಪಾತ್ರೆಯನ್ನು ಬೇಕೆಂತಲೇ ಕೆಳಗೆ ಬೀಳಿಸಿದಳು. ಯಾರೂ ಏನಾಯಿತೆಂದು ಕೇಳಲಿಲ್ಲ.

ಅಲ್ಲಿಂದ ಮುಂದೆ ಆ ಮನೆಯ ಮಲಗುವ ಕೋಣೆ ಕಚೇರಿಯಾಯಿತು. ಗಂಡ ಮಂಚದ ಮೇಲೆ ನಕ್ಷೆ ಹರಡಿ ನಾಲ್ಕು ಮೂಲೆಗೆ ನಾಲ್ಕು ಬಣ್ಣದ ಡಬ್ಬ ಇಟ್ಟ. ಮೇಸ್ತ್ರಿ ಮೊಣಕಾಲೂರಿ ಕೂತು ಎತ್ತರದ ಗೆರೆಗಳನ್ನು ಬೆರಳಿನಿಂದ ಸವರಿದ.

"ಮೀಟರ್ ಎಲ್ಲ ನಂಗೆ ಬೇಡ ಸಾರ್, ಮಹಡಿ ಲೆಕ್ಕದಲ್ಲಿ ಹೇಳಿ."

"ಸುಮಾರು ಎರಡು ಸಾವಿರ ಮಹಡಿ."

"ಲಿಫ್ಟ್ ಇಲ್ಲ," ಎಂದು ಮೇಸ್ತ್ರಿ ತನಗೆ ತಾನೇ ಹೇಳಿಕೊಂಡು ಬರೆದುಕೊಂಡ. "ಕೆಳಗಿನ ಕ್ಯಾಂಪ್‌ವರೆಗೂ ಗಾಡಿ ಬರುತ್ತಾ?"

"ಅಲ್ಲಿವರೆಗೆ ಹೇಸರಗತ್ತೆ. ಲಾಮಾ ಅಂತಾನೂ ಒಂದು ಪ್ರಾಣಿ ಇದೆ. ಸಾಮಾನು ಹೊರುತ್ತೆ. ಆದ್ರೆ ಭಾರ ಸ್ವಲ್ಪ ಜಾಸ್ತಿ ಆಯ್ತೋ, ಇದ್ದಲ್ಲೇ ಕೂತುಬಿಡುತ್ತೆ. ಬೈದ್ರೆ ಉಗಿಯುತ್ತೆ."

"ನಮ್ಮವರೂ ಹಾಗೇ ಸಾರ್," ಎಂದು ಮೇಸ್ತ್ರಿ ಆಳುಗಳ ಕಡೆ ಕಣ್ಣು ಹಾಯಿಸಿದ. ಮೂವರೂ ಗೋಡೆ ನೋಡಿದರು.

"ಮೇಲೆ ಹೋಗ್ತಾ ಹೋಗ್ತಾ ಗಾಳಿ ಕಮ್ಮಿ ಆಗುತ್ತೆ. ಅದೇ ಕಷ್ಟ."

"ಬೀರು ಉಸಿರಾಡಲ್ವಲ್ಲ ಸಾರ್."

"ಹೊರೋರು ಉಸಿರಾಡ್ತಾರಲ್ಲಪ್ಪಾ."

ಆಳುಗಳು ಮುಖ ಮುಖ ನೋಡಿಕೊಂಡರು. ಈ ಕೆಲಸದಲ್ಲಿ ಉಸಿರಾಟದ ವಿಚಾರ ಬರುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಬೆಟ್ಟದ ಹುಚ್ಚಿನವನಿಗೂ ಸಾಗಣೆಯ ಹುಚ್ಚಿನವನಿಗೂ ಎಷ್ಟು ಚೆನ್ನಾಗಿ ಕೂಡಿಬಂತೆಂದರೆ ಮೊದಲ ವಾರದಲ್ಲೇ ಒಬ್ಬರ ತಟ್ಟೆಯಲ್ಲಿ ಒಬ್ಬರು ತಿನ್ನುವಷ್ಟು ಸಲಿಗೆ ಬೆಳೆಯಿತು. ಹಿಮದ ಮೇಲೆ ಬಿಸಿಲು ಬಿದ್ದರೆ ಬೀರುವಿನ ಕನ್ನಡಿ ಕಣ್ಣು ಕುಕ್ಕುತ್ತದೆಂದು ಅದಕ್ಕೆ ಕಪ್ಪು ಬಟ್ಟೆಯ ಮುಸುಕು ಹೊಲಿಸಿದರು. ಗಾಳಿ ಬೀಸುವ ಕಡೆಗೆ ಬಾಗಿಲು ಮಾಡಬೇಕೋ ಬೆನ್ನು ಮಾಡಬೇಕೋ ಎಂದು ಎರಡು ಸಂಜೆ ಜಗಳವಾಡಿದರು. ಕೊನೆಗೆ ಗಂಡನೇ ಒಂದು ಮುಖ್ಯ ಅಂಶ ಎತ್ತಿದ. ಎತ್ತರಕ್ಕೆ ಹೋಗುವವರು ಒಮ್ಮೆಗೇ ಹತ್ತಬಾರದು. ಸ್ವಲ್ಪ ಹತ್ತಿ, ಇಳಿದು, ಮತ್ತೆ ಹತ್ತಿ ಮೈಗೆ ರೂಢಿ ಮಾಡಿಸಬೇಕು. ಮರಕ್ಕೂ ಅಷ್ಟೇ. ಆ ಒಣ ಚಳಿಗೆ ಬೀರುವನ್ನು ಏಕಾಏಕಿ ಒಡ್ಡಿದರೆ ಬಿರುಕು ಬಿಡುತ್ತದೆ.

ಹೀಗಾಗಿ ಬೀರುವಿಗೆ ಹವೆಯ ಅಭ್ಯಾಸ ಶುರುವಾಯಿತು. ಮಲಗುವ ಕೋಣೆಯ ಏಸಿಯನ್ನು ಕೊನೆಯ ಅಂಕಿಗೆ ಇಳಿಸಿ ಬಾಗಿಲು ಮುಚ್ಚಿದರು. ಗಂಡ ಉಣ್ಣೆಯ ಟೋಪಿ ಹಾಕಿಕೊಂಡು ಬೀರುವಿನ ಪಕ್ಕದಲ್ಲೇ ಸಂತೋಷವಾಗಿ ಮಲಗಿದ. ಅವಳು ಹೊದಿಕೆ ಎತ್ತಿಕೊಂಡು ಹಾಲಿಗೆ ಬಂದಳು. ಮೂರು ದಿನ ಕೋಣೆ, ಒಂದು ದಿನ ಹಾಲು ಎಂದು ಬೀರು ಓಡಾಡತೊಡಗಿದಾಗ, ಹಾಲಿಗೆ ಬಂದ ದಿನ ಅವಳು ಕೋಣೆಗೆ ಹೋಗಬೇಕಾಯಿತು. ಗಂಡ ಹೆಂಡತಿ ಒಂದೇ ಕೋಣೆಯಲ್ಲಿ ಮಲಗುವ ಪ್ರಸಂಗವೇ ತಪ್ಪಿಹೋಯಿತು.

ಭಾನುವಾರಗಳಲ್ಲಿ ತಾಲೀಮು. ಹಾಸಿಗೆ ತೆಗೆದ ಮಂಚವೇ ಹಿಮದ ದಿಣ್ಣೆ. ಗಂಡ ಮಂಚದ ತಲೆದೆಸೆಯಲ್ಲಿ ನಿಂತು ಸೀಟಿ ಊದಿದರೆ ಆಳುಗಳು ಬೀರು ಹೊತ್ತು ಮಂಚ ಹತ್ತಬೇಕು, ಉಸಿರು ಬಿಗಿಹಿಡಿದು ದಾಟಬೇಕು, ಆ ಕಡೆ ಇಳಿಸಬೇಕು. ಕಿಟಕಿಯ ಸರಳಿಗೆ ಹಗ್ಗ ಬಿಗಿದಿತ್ತು. ಮಧ್ಯೆ ಒಂದು ಸಲ ಮಂಚ ಮುರಿಯಿತು. "ಹಿಮ ಕುಸೀತು, ಹಿಮ ಕುಸೀತು," ಎಂದು ಗಂಡ ಹಿಗ್ಗಿನಿಂದ ಕೂಗಿದ. ಅದನ್ನೂ ಯೋಜನೆಯಲ್ಲಿ ಸೇರಿಸಿಕೊಂಡರು.

"ನೀನೇ ಬಾಯಿಬಿಟ್ಟು ಹೇಳಿಬಿಡೇ," ಎಂದಳು ಲ್ಯಾಬಿನಲ್ಲಿ ಪಾಲಿಶ್ ಅಕ್ಕ. ಸೆಟ್ಟುಗಳನ್ನು ತಿರುಗುವ ಬ್ರಶ್ಶಿಗೆ ಹಿಡಿದು ಹೊಳಪು ಕೊಡುವುದು ಅವಳ ಕೆಲಸ, ಅದಕ್ಕೇ ಆ ಹೆಸರು. "ಗಂಡಸರಿಗೆ ಸುತ್ತುಬಳಸಿ ಹೇಳಿದ್ರೆ ತಲೆಗೆ ಹೋಗಲ್ಲ."

"ಸುತ್ತುಬಳಸಿ ಏನಕ್ಕಾ, ಮನೆಯಲ್ಲಿರೋ ಬೀರುನ ಭೂಮಿಯ ಆ ತುದಿಗೆ ಕಳಿಸ್ತಿದ್ದೀನಿ. ಇದಕ್ಕಿಂತ ಬಿಡಿಸಿ ಹೇಗೆ ಹೇಳೋದು?"

"ಅವರೇನಂತಾರೆ?"

"ಹ್ಯಾಂಗರ್ ಸಮೇತ ಕಳಿಸ್ತಿರೋದು ಒಳ್ಳೇದಾಯ್ತು, ಅಲ್ಲಿ ಇಸ್ತ್ರಿ ಮಾಡೋರು ಸಿಗಲ್ಲ ಅಂತಾರೆ."

ಪಾಲಿಶ್ ಅಕ್ಕ ಬ್ರಶ್ಶು ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಇವಳು ನಗಲಿಲ್ಲ. ಮೇಣದಲ್ಲಿ ಕೂರಿಸುತ್ತಿದ್ದ ಮುಂದಿನ ಹಲ್ಲು ವಾರೆಯಾಗಿತ್ತು. ಹಿಂದೆಂದೂ ಅವಳ ಕೈ ಹಾಗೆ ತಪ್ಪಿರಲಿಲ್ಲ. ಕಿತ್ತು ಮತ್ತೆ ಕೂರಿಸುವಾಗ ಕಣ್ಣು ಮಂಜಾಯಿತು. ಇವತ್ತಾದರೂ ಕೇಳಬಹುದು ಎಂದು ದಿನವೂ ಮನೆಗೆ ಹೋಗುವುದು, ಕೇಳಲಿಲ್ಲವೆಂದು ದಿನವೂ ಹಾಲಿನಲ್ಲಿ ಮಗ್ಗಲು ಬದಲಿಸುವುದು ಅವಳಿಗೆ ಸಾಕಾಗಿತ್ತು.

ಹಾಗೆಂದು ಗಂಡ ಏನನ್ನೂ ಕೇಳುತ್ತಿರಲಿಲ್ಲವೆಂದಲ್ಲ. ಬೇಡದ್ದನ್ನೆಲ್ಲ ಕೇಳುತ್ತಿದ್ದ. ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ಬಂದು, "ನಿನ್ನ ಕಾಲಿನ ಅಳತೆ ಎಷ್ಟೇ?" ಎಂದ.

"ಬೀರುಗೂ ಕಾಲಿದೆಯಲ್ಲ, ಅದರದ್ದೇ ಅಳೆದುಕೊಳ್ಳಿ," ಎಂದು ಅವಳು ಮುಖಕ್ಕೆ ಹೊಡೆದ ಹಾಗೆ ಹೇಳಿದಳು.

ಅವನು ನೊರೆ ಬಾಯಲ್ಲೇ ತಲೆಯಾಡಿಸಿ ಹೋದ. ಇನ್ನೊಂದು ದಿನ, "ಅಲ್ಲಿ ಬೀರುನ ಪೂರ್ವಕ್ಕೆ ಮುಖ ಮಾಡಿ ಇಡೋಣ್ವಾ? ಬೆಳಿಗ್ಗೆ ಕನ್ನಡಿ ಮುಂದೆ ಬೆಳಕಿರಬೇಕು ಅಂತೀಯಲ್ಲ," ಎಂದ. ತನ್ನನ್ನು ಗೇಲಿ ಮಾಡುತ್ತಿದ್ದಾನೆ ಎಂದೇ ಅವಳು ಭಾವಿಸಿದಳು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಅವಳು ರಜೆ ಹಾಕಿ ಮನೆಯಲ್ಲಿ ಉಳಿದಳು. ಬೀರುವಿನ ಎಡಭಾಗ ಅವಳದು, ಬಲಭಾಗ ಅವನದು. ತನ್ನದನ್ನೆಲ್ಲ ತೆಗೆದು ತಗಡಿನ ಪೆಟ್ಟಿಗೆಗೆ ತುಂಬಿದಳು. ತವರಿನಿಂದ ತಂದ ಶಾಲು, ಕೆಲಸದ ಎರಡು ಕೋಟು, ಎಂದೋ ಅವನು ತಂದುಕೊಟ್ಟಿದ್ದ, ಅವಳಿಗೆ ಬಿಗಿಯಾಗಿ ಒಮ್ಮೆಯೂ ಹಾಕದ ಸ್ವೆಟರು. ಆ ಸ್ವೆಟರನ್ನು ಬಿಟ್ಟುಬಿಡೋಣ ಎಂದು ತೆಗೆದಿಟ್ಟಳು, ಮತ್ತೆ ಎತ್ತಿ ಪೆಟ್ಟಿಗೆಗೇ ಹಾಕಿದಳು. ತನ್ನ ಮೇಲೆಯೇ ಸಿಟ್ಟು ಬಂತು. ಎಡಭಾಗ ಬರಿದಾಯಿತು. ಗಂಡ ಬಂದು, ಬೀರುವಿನ ಬಾಗಿಲನ್ನು ತೆರೆದೂ ನೋಡದೆ, ಮೂರು ಸುತ್ತು ಹಗ್ಗ ಬಿಗಿದು ಗಂಟು ಹಾಕಿದ.

ಬೆಳಿಗ್ಗೆ ಲಾರಿ ಬಂದು ಬಾಗಿಲಲ್ಲಿ ನಿಂತಿತು. ಮೇಸ್ತ್ರಿಯೂ ಆಳುಗಳೂ ಕಪ್ಪು ಕನ್ನಡಕ ಹಾಕಿ, ಸೊಂಟಕ್ಕೆ ಹಗ್ಗ ಬಿಗಿದು, ಮುಳ್ಳಿನ ಬೂಟು ತೊಟ್ಟು ಮೂರನೇ ಮಹಡಿಗೆ ಟಕಟಕ ಎಂದು ಹತ್ತಿ ಬಂದರು. ಪಕ್ಕದ ಮನೆಯವರು ಬಾಗಿಲು ತೆರೆದು ನೋಡಿ ಮೆಲ್ಲಗೆ ಮುಚ್ಚಿದರು. ಗಂಡ ಸೀಟಿ ಊದಿದ. ಬೀರು ಎದ್ದಿತು, ಹೊಸಿಲು ದಾಟಿತು. ಅವಳು ಪೆಟ್ಟಿಗೆ ಹಿಡಿದು ಎಲ್ಲರಿಗಿಂತ ಮುಂಚೆಯೇ ಮೆಟ್ಟಿಲಿಳಿಯತೊಡಗಿದಳು. ಗಂಡ ಅವಳ ಕೈಯಲ್ಲಿದ್ದ ಪೆಟ್ಟಿಗೆ ನೋಡಿದ. "ಹುಷಾರು, ಭಾರ ಇದ್ದೀತು," ಎಂದನೇ ಹೊರತು ಎಲ್ಲಿಗೆ ಎನ್ನಲಿಲ್ಲ. ಅಲ್ಲಿಗೆ ಮುಗಿಯಿತು ಎಂದುಕೊಂಡಳು ಅವಳು.

ಅವಳು ಒಂದು ತಿರುವು ಇಳಿದಿರಬೇಕು, ಮೇಲೆ ಕಿರ್ರೆಂದು ಸದ್ದಾಯಿತು. ಆಮೇಲೆ ನಾಲ್ಕು ಗಂಟಲುಗಳ ಕೂಗು. ತಿರುಗಿ ನೋಡಿದರೆ, ಬೀರು ಮೆಟ್ಟಿಲ ತಿರುವಿನಲ್ಲಿ ಗೋಡೆಯಿಂದ ಗೋಡೆಗೆ ಬಿರಡೆಯಂತೆ ಬಿಗಿದುಕೊಂಡಿತ್ತು. ಬಾಗಿಲು ಮೇಲಿನ ಕಡೆಗೆ, ಬೆನ್ನು ಅವಳ ಕಡೆಗೆ. ಮೇಸ್ತ್ರಿಯೂ ಒಬ್ಬ ಆಳೂ ಕೆಳಗಿನಿಂದ ಹೆಗಲು ಕೊಟ್ಟು ನಿಂತಿದ್ದರು. ಇನ್ನಿಬ್ಬರು ಮೇಲೆ. ಗಂಡ ಅವರ ಹಿಂದೆ.

ಅಲುಗಾಡಿಸಿದರು, ಓರೆ ಮಾಡಿದರು, ದೇವರನ್ನು ಕರೆದರು. ಜಪ್ಪಯ್ಯ ಎಂದರೂ ಕದಲಲಿಲ್ಲ. ಮೇಸ್ತ್ರಿ ಬೆವರು ಒರೆಸಿಕೊಂಡು ಟೇಪು ಹಿಡಿದ. ತಿರುವನ್ನು ಅಳೆದ, ಬೀರುವನ್ನು ಅಳೆದ, ಮತ್ತೆ ತಿರುವನ್ನು ಅಳೆದ. ಎರಡು ಸಾವಿರ ಮಹಡಿಯ ಪ್ರತಿ ತಿರುವೂ ಅವನ ಬಾಯಲ್ಲಿತ್ತು. ಈ ಮೆಟ್ಟಿಲಿಗೆ ಅವನು ಟೇಪು ಹಿಡಿದಿದ್ದು ಇದೇ ಮೊದಲು.

"ಅಮ್ಮಾ," ಎಂದ ಕೀರಲು ದನಿಯಲ್ಲಿ, "ಇದು ಒಳಗೆ ಹೇಗೆ ಬಂತು?"

ಅವಳಿಗೆ ಆಗ ನೆನಪಾಯಿತು. "ಬರಲಿಲ್ಲ. ಬಡಗಿ ಬಂದು ಕೋಣೆಯಲ್ಲೇ ಕೂತು ಮಾಡಿಕೊಟ್ಟಿದ್ದು."

ಮೇಸ್ತ್ರಿಯ ಕೈಯಿಂದ ಟೇಪು ಸರ್ರನೆ ಸುತ್ತಿಕೊಂಡು ಡಬ್ಬಿಯೊಳಗೆ ಹೋಯಿತು. ಅಪ್ಪನ ಕಾಲದಿಂದ ನಡೆದುಬಂದದ್ದು ಒಂದೇ ಮಾತಿನಲ್ಲಿ ನೆಲ ಕಚ್ಚಿತ್ತು. ಒಳಗೆ ಹೋಗದೆಯೇ ಒಳಗಿರುವ ಸಾಮಾನು ಇರಬಹುದೆಂದು ಅವರ ಮನೆತನದಲ್ಲಿ ಯಾರೂ ಯೋಚಿಸಿರಲಿಲ್ಲ.

"ಗಾಬರಿಯಾಗ್ಬೇಡಿ," ಎಂದು ಮೇಲಿನಿಂದ ಗಂಡನ ದನಿ ಬಂತು. ಇಂಥ ಸಂದರ್ಭಕ್ಕೇ ಕಾದಿದ್ದವನ ಉತ್ಸಾಹವಿತ್ತು ಅದರಲ್ಲಿ. "ಒಳಗಿನ ಭಾರ ತೆಗೆದ್ರೆ ಸಡಿಲ ಆಗುತ್ತೆ. ಬಟ್ಟೆ ಎಲ್ಲ ಆಚೆ ಹಾಕೋಣ." ಗಂಟು ಬಿಚ್ಚುವ ಸದ್ದು, ಬಾಗಿಲು ಕಿರುಗುಟ್ಟುವ ಸದ್ದು ಕೇಳಿಸಿತು.

ಆಮೇಲೆ ಎಡಭಾಗದ ಬರಿ ಹಲಗೆಗೆ ಕೈ ತಟ್ಟಿದ ಸದ್ದು ಬಂತು.

"ಏಯ್," ಎಂದ ಗಂಡ. ದನಿ ಬದಲಾಗಿತ್ತು. "ನಿನ್ನ ಬಟ್ಟೆ ಎಲ್ಲೇ?"

"ನನ್ನ ಬಟ್ಟೆ ಅದರಲ್ಲಿ ಯಾಕಿರುತ್ತೆ?"

"ಮತ್ತೆ ಅಲ್ಲಿ ಏನು ಹಾಕ್ಕೊಳ್ತೀಯ?"

ಅವಳು ಪೆಟ್ಟಿಗೆಯನ್ನು ಮೆಟ್ಟಿಲ ಮೇಲೆ ಇಟ್ಟಳು. "ಅಲ್ಲಿಗೆ ನಾನೆಲ್ಲಿ ಬರ್ತಿದ್ದೀನಿ?"

"ಬರಲ್ವಾ?"

ಬೀರುವಿನ ಆಚೆಯಿಂದ ಬಂದ ಆ ಒಂದು ಮಾತು ಎಷ್ಟು ಸಣ್ಣದಾಗಿತ್ತೆಂದರೆ ಹೆಗಲು ಕೊಟ್ಟು ನಿಂತ ಆಳೂ ತಲೆ ತಗ್ಗಿಸಿದ. "ಬೆಟ್ಟ ಹತ್ತೋ ಪರವಾನಗಿ ಇಬ್ರಿಗೂ ತೆಗೆಸಿದ್ದೀನಲ್ಲೇ. ನಿಂಗೆ ಬೂಟು ತಂದಿದ್ದೀನಿ, ಅಂದಾಜಿನ ಮೇಲೆ. ನೀನು ಬೀರು ಕಳಿಸ್ತಿದ್ದೀಯ ಅಂದ್ರೆ... ಇಷ್ಟು ವರ್ಷ ಆದ್ಮೇಲೆ ಕೊನೆಗೂ ನನ್ನ ಜೊತೆ ಬರೋಕೆ ಮನಸ್ಸು ಮಾಡಿದಾಳೆ, ಸಾಮಾನು ಮೊದಲು ಕಳಿಸ್ತಿದಾಳೆ ಅಂತ ಗೋದಾಮಿನಲ್ಲಿ ಎಲ್ಲರಿಗೂ ಹೇಳಿದ್ದೆ."

ಅವಳು ತಿಂಗಳುಗಟ್ಟಲೆ ಸಾಕಿಕೊಂಡು ಬಂದ ಸಿಟ್ಟು ಕಾಲಡಿಯಿಂದ ಜಾರಿದಂತಾಯಿತು. ಈ ಮನುಷ್ಯ ಇಷ್ಟು ದಿನ ಟೋಪಿ ಹಾಕಿಕೊಂಡು ಸಂಭ್ರಮಪಟ್ಟಿದ್ದು ಬೆಟ್ಟಕ್ಕಲ್ಲ, ತನಗೆ. ಅವಳಿಗೆ ನಗು ಬಂತು, ಅಳು ಬಂತು, ಎರಡೂ ಒಟ್ಟಿಗೆ ಬಂದು ಬಾಗಿಲಲ್ಲಿ ಸಿಕ್ಕಿಕೊಂಡವು. ಅಷ್ಟರಲ್ಲೇ ಸಿಟ್ಟು ಮತ್ತೆ ತನ್ನ ಜಾಗ ಹುಡುಕಿಕೊಂಡಿತು.

"ಬರ್ತೀಯಾ ಅಂತ ನನ್ನ ಒಂದು ಮಾತು ಕೇಳಿದ್ರಾ?"

"ಬೀರು ನೋಡಿದ ಮೇಲೆ ಕೇಳೋದೇನಿದೆ ಅಂತ..."

"ಅಮ್ಮಾ," ಎಂದ ಮೇಸ್ತ್ರಿ ಹಲ್ಲು ಕಚ್ಚಿಕೊಂಡು, "ಮೇಲಕ್ಕೋ ಕೆಳಕ್ಕೋ ಒಂದು ಹೇಳಿ. ಹೆಗಲು ಬಿದ್ದುಹೋಗ್ತಿದೆ."

"ಇರಪ್ಪಾ," ಎಂದರು ಗಂಡ ಹೆಂಡತಿ ಒಟ್ಟಿಗೆ. ಅಷ್ಟು ವರ್ಷಗಳಲ್ಲಿ ಅವರಿಬ್ಬರೂ ಒಂದೇ ಮಾತನ್ನು ಒಂದೇ ಹೊತ್ತಿಗೆ ಆಡಿದ್ದು ಅಪರೂಪ.

ಆಮೇಲೆ ಗಂಡ ಕೇಳಿದ. "ನೀನು ಬರಲ್ಲ ಅಂದ್ರೆ, ಬೀರು ಯಾಕೆ ಕಳಿಸ್ತಿದ್ದೀಯ?"

ಬಂತು. ಕೊನೆಗೂ ಬಂತು. ಮೆಟ್ಟಿಲ ಮೇಲೆ, ಧೂಳಿನಲ್ಲಿ, ಕಪ್ಪು ಕನ್ನಡಕದ ಆಳುಗಳ ಎದುರಿಗೆ ಬಂತು. ಅವಳು ಬಾಯಿ ತೆರೆದಳು. ಜೋಡಿಸಿಟ್ಟ ಮಾತುಗಳೆಲ್ಲ ಇದ್ದವು, ಒಂದೂ ಉದುರಿರಲಿಲ್ಲ. ಆದರೆ ಎದುರಿಗಿದ್ದದ್ದು ಬೀರುವಿನ ಬೆನ್ನಿಗೆ ಹೊಡೆದ ಪ್ಲೈವುಡ್ಡು. ಅದಕ್ಕೆ ಹೇಳಿ ಏನು ಪ್ರಯೋಜನ?

"ಮುಖ ಕಾಣದೆ ನಾನು ಹೇಳಲ್ಲ," ಎಂದಳು.

"ಇರು, ಬರ್ತೀನಿ."

ಬೀರುವಿನೊಳಗೆ ಹ್ಯಾಂಗರುಗಳು ಗಲಗಲ ಎಂದವು. ಮರ ಕುಯ್ಯೆಂದಿತು. ಒಂದು ಗುದ್ದು ಬಿತ್ತು, ಇನ್ನೊಂದು ಬಿತ್ತು, ಮೂರನೆಯದಕ್ಕೆ ಪ್ಲೈವುಡ್ಡು ಸೀಳಿ ಒಂದು ಬೂಟು ಹೊರಬಂದು ಒಳಗೆ ಹೋಯಿತು.

"ಸಾರ್! ಗಿರಾಕಿ ಸಾಮಾನು ಒಡೆಯೋ ಹಾಗಿಲ್ಲ ಸಾರ್!"

"ಗಿರಾಕಿ ನಾನೇ ಕಣಯ್ಯಾ!"

"ಆರ್ಡರ್ ಅಮ್ಮಂದು!"

ಆ ಸಂದಿನಿಂದ ಮೊದಲು ಒಂದು ಶರಟಿನ ತೋಳು ಬಂತು, ಆಮೇಲೆ ಕೈ, ಆಮೇಲೆ ತಲೆ. ಕೂದಲಲ್ಲಿ ನುಸಿಗುಳಿಗೆ, ಕೆನ್ನೆಯ ಮೇಲೆ ಸಿಗುರು ಗೀರಿದ ಗೆರೆ. ಹೆಗಲು ಹೇಗೋ ನುಸುಳಿತು. ಹೊಟ್ಟೆಯ ಹತ್ತಿರ ಬಂದಾಗ ನಿಂತುಹೋಯಿತು. ಹಿಂದಕ್ಕೆ ಎಳೆದುಕೊಂಡ, ಆಗಲಿಲ್ಲ. ಮುಂದಕ್ಕೆ ನೂಕಿಕೊಂಡ, ಆಗಲಿಲ್ಲ. ಬೆಟ್ಟಗಳನ್ನೆಲ್ಲ ಹತ್ತಿ ಇಳಿದವನು ತನ್ನದೇ ಬಟ್ಟೆ ಬೀರುವಿನ ಬೆನ್ನಲ್ಲಿ ಅರ್ಧ ಆಚೆ, ಅರ್ಧ ಈಚೆ ನೇತಾಡಿದ.

"ಕೈ ಕೊಡೇ," ಎಂದ.

ಅವಳು ಕೈ ಚಾಚಿದಳು. ಬೆರಳು ಮುಟ್ಟುವಷ್ಟರಲ್ಲಿ ಹಿಂದಕ್ಕೆ ತೆಗೆದುಕೊಂಡಳು. ಅವನಿಗೆ ಈಗ ಗೋದಾಮಿಗೆ ಹೋಗಲಾಗದು, ಬೆಟ್ಟಕ್ಕೆ ಹೋಗಲಾಗದು, ನಕ್ಷೆ ಬಿಡಿಸಲಾಗದು, ಪಕ್ಕಕ್ಕೆ ಮುಖ ತಿರುಗಿಸುವುದಕ್ಕೂ ಜಾಗವಿಲ್ಲ. ಇಂಥ ಗಳಿಗೆ ಮತ್ತೆ ಸಿಗುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ಪೆಟ್ಟಿಗೆಯನ್ನು ಮಲಗಿಸಿ, ಅವನ ಮುಖದ ನೇರಕ್ಕೆ ತನ್ನ ಮುಖ ಬರುವಂತೆ ಅದರ ಮೇಲೆ ಕೂತಳು.

"ಕೈ ಆಮೇಲೆ ಕೊಡ್ತೀನಿ. ಯಾಕೆ ಅಂತ ಕೇಳಿದ್ರಲ್ಲ, ಮೊದಲು ಅದನ್ನ ಕೇಳಿಸಿಕೊಳ್ಳಿ."

"ಎಷ್ಟು ಹೊತ್ತಾಗಬಹುದಮ್ಮಾ?" ಎಂದ ಮೇಸ್ತ್ರಿ.

"ಮದುವೆಯಿಂದ ಶುರುಮಾಡ್ತೀನಿ."

ಮೇಸ್ತ್ರಿ ಲೆಕ್ಕ ಹಾಕಿದ. "ಕೆಳಗಡೆ ಎರಡು ಮರದ ತುಂಡು ಕೊಡ್ರೋ," ಎಂದು ಆಳುಗಳಿಗೆ ಹೇಳಿ, ಬೀರುವಿಗೆ ಆಸರೆ ಕೊಡಿಸಿ, ಕೆಳಗಿನ ಮೆಟ್ಟಿಲಿನಲ್ಲಿ ಕೂತು ಮುಳ್ಳಿನ ಬೂಟು ಬಿಚ್ಚಿದ. ಆಗಲ್ಲ ಎಂದು ಅವನು ಆಗಲೂ ಹೇಳಲಿಲ್ಲ.

"ನೀವು ಮೊದಲನೇ ಸಲ ಬೆಟ್ಟಕ್ಕೆ ಹೋದಾಗ ನಂಗೆ ಜ್ವರ ಇತ್ತು," ಎಂದಳು ಅವಳು. "ಬಾಗಿಲವರೆಗೂ ಬಂದು ಕಳಿಸಿಕೊಟ್ಟೆ. ಗೋಡೆ ಹಿಡ್ಕೊಂಡು ನಿಂತಿದ್ದೆ. ನೀವು ಗೋಡೆ ನೋಡಲಿಲ್ಲ, ಕೈಯನ್ನೂ ನೋಡಲಿಲ್ಲ. ಹೇಳಿದ್ರೆ ನಿಲ್ತಿದ್ರಿ, ಅದು ನಂಗೊತ್ತು. ಹೇಳದೇನೂ ನಿಲ್ತೀರೇನೋ ಅಂತ ಕಾಯ್ತಾ ಇದ್ದೆ. ಅವತ್ತಿನಿಂದ ಕಾಯ್ತಾನೇ ಇದ್ದೀನಿ."

ಬೀರುವಿನಲ್ಲಿ ಒಂದು ಹ್ಯಾಂಗರು ಜಾರಿ ಬಿತ್ತು. ಗಂಡ ಕಣ್ಣು ಮಿಟುಕಿಸದೆ ಅವಳನ್ನೇ ನೋಡುತ್ತಿದ್ದ. ಅವಳಿಗೆ ಅವನ ಉತ್ತರಗಳೆಲ್ಲ ಬಾಯಿಪಾಠವಾಗಿದ್ದವು. ಹೌದಾ ಎನ್ನುತ್ತಾನೆ, ಇಲ್ಲವೇ ಅವತ್ತು ಎಂಥ ಹಿಮ ಬಿದ್ದಿತ್ತು ಗೊತ್ತಾ ಎನ್ನುತ್ತಾನೆ. ಎರಡಕ್ಕೂ ಅವಳ ಹತ್ತಿರ ಎದುರು ಮಾತು ಸಿದ್ಧವಿತ್ತು.

"ಒಬ್ಬಳೇ ಇದ್ಯಲ್ಲ," ಎಂದ ಅವನು. "ನೀರು ಕೊಡೋಕೆ ಯಾರಿದ್ರು?"

ಈ ಪ್ರಶ್ನೆಗೆ ಅವಳು ಏನನ್ನೂ ಜೋಡಿಸಿಟ್ಟುಕೊಂಡಿರಲಿಲ್ಲ. ಯೋಚಿಸಬೇಕಾಯಿತು. ಯಾರೂ ಇರಲಿಲ್ಲ ಎಂದು ಹೇಳುವಷ್ಟರಲ್ಲಿ ದನಿ ಒಡೆದು, ಆಳುಗಳ ಎದುರಿಗೇ ಬಿಕ್ಕಿ ಬಿಕ್ಕಿ ಅತ್ತಳು. ಗಂಡ ಸಿಕ್ಕಿಕೊಂಡಲ್ಲಿಂದಲೇ ಕೈ ಚಾಚಿ ನೋಡಿದ. ಒಂದು ಗೇಣು ಕಮ್ಮಿ ಬಿತ್ತು. ಅವಳು ಪೆಟ್ಟಿಗೆಯನ್ನು ಅಷ್ಟು ಮುಂದಕ್ಕೆ ಎಳೆದುಕೊಂಡು ಕೂತು, ಮುಂದಿನದನ್ನು ಹೇಳಿದಳು.